ಎಫ್‌ಎಲ್‌ಪಿ ಫ್ಯಾನಿಗೆ ಮೂರು ಕೊಟೇಶನ್, ಮೂರು ರೇಟು. ಯಾವುದು ತಗೊಳ್ಳಲಿ?

ಪೀಣ್ಯ_ಪೇಂಟ್‌ಶಾಪ್:
ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಪೇಂಟಿಂಗ್ ಯೂನಿಟ್ ಇದೆ. ಪ್ಯಾನೆಲ್ ಬಾಕ್ಸು, ಮೆಷಿನ್ ಕವರು, ಇಂಥವಕ್ಕೆ ಸ್ಪ್ರೇ ಹೊಡೆಯುತ್ತೇವೆ. ಎನ್‌ಸಿ, ಪಿಯು (ಪಾಲಿಯುರೆಥೇನ್) ಎರಡೂ ಥರದ ಪೇಂಟ್ ಮಾಡುತ್ತೇವೆ. ಇಷ್ಟು ವರ್ಷ ಗೋಡೆಗೆ ಮಾಮೂಲಿ 18 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡೇ ನಡೆಸಿದ್ದೇವೆ. ಹೋದ ವಾರ ಕಸ್ಟಮರ್ ಕಡೆಯಿಂದ ಆಡಿಟರ್ ಬಂದಿದ್ದರು. ಫ್ಯಾನ್ ನೋಡಿ ಎರಡು ಹೆಜ್ಜೆ ಹಿಂದೆ ಹೋದರು. "ಎಫ್‌ಎಲ್‌ಪಿ ಹಾಕಿ, ಆಮೇಲೆ ಮಾತಾಡೋಣ" ಅಂದರು. ಎಫ್‌ಎಲ್‌ಪಿ ಅಂದರೆ ಫ್ಲೇಮ್‌ಪ್ರೂಫ್, ಬೆಂಕಿ ಹೊತ್ತುವ ಆವಿ ಇರುವ ಜಾಗಕ್ಕೆ ಅಂತಲೇ ಮಾಡಿದ್ದಂತೆ.

ಮೂರು ಕಡೆ ಕೊಟೇಶನ್ ತರಿಸಿದೆ. ಮೂರರಲ್ಲೂ "ಎಫ್‌ಎಲ್‌ಪಿ ಎಕ್ಸಾಸ್ಟ್ ಫ್ಯಾನ್ 18 ಇಂಚು" ಅಂತಲೇ ಇದೆ. ಆದರೆ ಎರಡನೆಯದು ಮೊದಲನೆಯದರ ಎರಡು ಪಟ್ಟು, ಮೂರನೆಯದು ಹತ್ತಿರ ಹತ್ತಿರ ನಾಲ್ಕು ಪಟ್ಟು. ಎರಡನೆಯದರಲ್ಲಿ ಗ್ರೂಪ್ 2ಬಿ, ಟಿ4 ಅಂತ ಇದೆ. ಮೂರನೆಯದರಲ್ಲಿ 2ಸಿ, ಟಿ6. ಮೊದಲನೆಯದರಲ್ಲಿ ಏನೂ ಬರೆದಿಲ್ಲ, ಫೋನ್ ಮಾಡಿದರೆ "ಸಾರ್, ಫುಲ್ ಸೀಲ್ಡ್ ಮೋಟಾರು, ಐಪಿ65, ಕಣ್ಣು ಮುಚ್ಚಿ ಹಾಕಿ" ಅಂದ.

ರೂಮು 20 ಅಡಿ ಉದ್ದ, 15 ಅಡಿ ಅಗಲ, 12 ಅಡಿ ಎತ್ತರ. ಕೆಲಸ ಜಾಸ್ತಿ ಇದ್ದ ದಿನ ಗಂಟೆಗೆ ಸುಮಾರು 4 ಲೀಟರ್ ಥಿನ್ನರ್ ಖರ್ಚು. ಗೊತ್ತಿದ್ದವರು ಹೇಳಿ. ಫೋಟೋ ಕೆಳಗೆ ಹಾಕಿದ್ದೇನೆ.

ಸುಮ್ನೆ_ಓದೋನು:
ಇಷ್ಟು ವರ್ಷ ಏನೂ ಆಗಿಲ್ಲ ಅಂದಮೇಲೆ ಐಪಿ65 ಸಾಕು ಅಲ್ವಾ? ಆಡಿಟರಿಗೆ ಒಂದು ಸ್ಟಿಕ್ಕರ್ ತೋರಿಸಿದರೆ ಆಯಿತು.

ಹಳೇ_ವೈರ್‌ಮನ್:
ಸಾಕಾಗಲ್ಲ ಮಾರಾಯ. ಸ್ಟಿಕ್ಕರ್ ಮಾತಂತೂ ಇಲ್ಲಿ ಬೇಡವೇ ಬೇಡ.

ಐಪಿ65 ಅಂದರೆ ಧೂಳು ಒಳಗೆ ಹೋಗಲ್ಲ, ಪೈಪಿನಲ್ಲಿ ನೀರು ಹೊಡೆದರೂ ತೊಂದರೆ ಇಲ್ಲ ಅಂತ. ಅಷ್ಟೇ. ಥಿನ್ನರ್ ಆವಿಗೆ ಅದರಲ್ಲಿ ತಡೆ ಇಲ್ಲ. ಮೋಟಾರ್ ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ಆಫ್ ಮಾಡಿದ ಮೇಲೆ ತಣ್ಣಗಾಗುತ್ತಾ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿಯ ಜೊತೆ ಆವಿಯೂ ಹೋಗುತ್ತದೆ. ಮಾರನೇ ದಿನ ಬೆಳಿಗ್ಗೆ ಸ್ವಿಚ್ ಹಾಕುತ್ತೀರಿ. ಒಳಗೆ ಎಲ್ಲೋ ಒಂದು ಕಿಡಿ ಹಾರಿದರೆ ಆ ತೆಳು ಕವರ್ ತಡೆಯುತ್ತದಾ?

ಜನ ತಪ್ಪು ತಿಳಿಯುವುದು ಇಲ್ಲೇ. ಫ್ಲೇಮ್‌ಪ್ರೂಫ್ ಅಂದರೆ "ಒಳಗೆ ಆವಿ ಹೋಗಲ್ಲ" ಅಂತ ಅಲ್ಲ, "ಸ್ಫೋಟ ಆಗಲ್ಲ" ಅಂತಲೂ ಅಲ್ಲ. ಒಳಗೆ ಆವಿ ಹೋಗಿಯೇ ಹೋಗುತ್ತದೆ, ಒಂದು ದಿನ ಢಂ ಅಂದೇ ಅನ್ನುತ್ತದೆ ಅಂತ ಒಪ್ಪಿಕೊಂಡು ಮಾಡಿದ ಗಟ್ಟಿ ಡಬ್ಬ ಅದು. ಆ ಒತ್ತಡಕ್ಕೆ ಡಬ್ಬ ಬಿರಿಯಬಾರದು. ಕವರು, ಬಾಡಿ ಸೇರುವ ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ನುಗ್ಗುವಾಗ ಲೋಹಕ್ಕೆ ತಾಗಿ ತಾಗಿ ತಣ್ಣಗಾಗಬೇಕು, ಹೊರಗಿನ ಆವಿಗೆ ಬೆಂಕಿ ತಾಗಿಸುವಷ್ಟು ಬಿಸಿ ಉಳಿದಿರಬಾರದು. ಆ ಸಂದಿಗೇ ಫ್ಲೇಮ್ ಪಾತ್ ಅನ್ನುವುದು. ಮೊದಲನೇ ಕೊಟೇಶನ್ ಹರಿದು ಹಾಕಿ.

ಪೀಣ್ಯ_ಪೇಂಟ್‌ಶಾಪ್:
ಸರಿ ಸಾರ್, ಹರಿದೆ. ಹಾಗಾದರೆ 2ಬಿ ನಾ, 2ಸಿ ನಾ? ಮತ್ತೆ ಟಿ6 ಬೇಕೇ ಬೇಕು ಅಂತ ಮೂರನೆಯವನು ಹೇಳುತ್ತಿದ್ದಾನೆ. ಥಿನ್ನರಿನಲ್ಲಿರುವ ಟಾಲ್ವೀನ್ 4 ಡಿಗ್ರಿಗೇ ಹೊತ್ತಿಕೊಳ್ಳುತ್ತದಂತೆ, ಅದಕ್ಕೆ ಮೋಟಾರ್ ತಣ್ಣಗಿರಬೇಕಂತೆ.

ಯಾದಗಿರಿ_ಬಿಸಿಲು:
ಅವರು ಎರಡು ಬೇರೆ ಬೇರೆ ಉಷ್ಣತೆಗಳನ್ನು ಕಲಸಿದ್ದಾರೆ. ಗೊತ್ತಿಲ್ಲದೆಯೋ, ಗೊತ್ತಿದ್ದೋ.

ನಾನು ಕಡೇಚೂರು ಕಡೆ ಬಲ್ಕ್ ಡ್ರಗ್ ಪ್ಲಾಂಟಿನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ, ದಿನಾ ಸಾಲ್ವೆಂಟ್ (ಥಿನ್ನರಿನಂಥ ದ್ರಾವಕ) ಜೊತೆಗೇ ಬದುಕು. 4 ಡಿಗ್ರಿ ಅನ್ನುವುದು ಟಾಲ್ವೀನಿನ ಫ್ಲಾಶ್ ಪಾಯಿಂಟ್. ಅಷ್ಟು ತಣ್ಣಗಿದ್ದರೂ ಮೇಲೆ ಬೆಂಕಿ ತಾಗುವಷ್ಟು ಆವಿ ಏಳುತ್ತದೆ, ಆದರೆ ಕಿಡಿಯೋ ಜ್ವಾಲೆಯೋ ಬೇಕು. ಕಿಡಿಯೇ ಇಲ್ಲದೆ ಬರೀ ಬಿಸಿ ಮೇಲ್ಮೈಗೆ ತಾಗಿ ತಾನಾಗಿ ಹೊತ್ತಿಕೊಳ್ಳಲು ಟಾಲ್ವೀನಿಗೆ 480 ಡಿಗ್ರಿ ಆಸುಪಾಸು ಬೇಕು. ಟಿ ನಂಬರ್ ಹೇಳುವುದು ಈ ಎರಡನೆಯದರ ಬಗ್ಗೆ. ಟಿ1 ಅಂದರೆ ಮೋಟಾರಿನ ಮೇಲ್ಮೈ 450 ಡಿಗ್ರಿ ದಾಟಲ್ಲ, ಟಿ2 300, ಟಿ3 200, ಟಿ4 135, ಟಿ5 100, ಟಿ6 85. ಹೆಕ್ಸೇನ್ ಸುಮಾರು 225ಕ್ಕೆ ಹೊತ್ತಿಕೊಳ್ಳುತ್ತದೆ, ಅದಕ್ಕೆ ಟಿ3. ಈಥರ್ ಇದ್ದರೆ ಟಿ4. ನಿಜವಾಗಿ ಟಿ6 ಕೇಳುವ ವಸ್ತು ಅಂದರೆ ಕಾರ್ಬನ್ ಡೈಸಲ್ಫೈಡ್, ಅದು 100 ಡಿಗ್ರಿಗೂ ಮುಂಚೆಯೇ ಹೊತ್ತಿಕೊಳ್ಳಬಹುದು. ನಿಮ್ಮ ಥಿನ್ನರಿಗೆ ಟಿ4 ಧಾರಾಳ.

ಇನ್ನೊಂದು ವಿಷಯ ಯಾರೂ ಕೇಳಲ್ಲ. ಪ್ಲೇಟಿನ ಮೇಲೆ ಬೇರೆ ಏನೂ ಬರೆದಿಲ್ಲ ಅಂದರೆ ಆ ಮೋಟಾರ್ ಮೈನಸ್ 20ರಿಂದ 40 ಡಿಗ್ರಿ ವಾತಾವರಣಕ್ಕೆ ಮಾತ್ರ. ಪೀಣ್ಯದಲ್ಲಿ ನಡೆಯುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ, ಶೀಟಿನ ಕೆಳಗೆ ಕೂರಿಸಿದ ಫ್ಯಾನಿನ ಗತಿ ಕೇಳಬೇಡಿ. ನಾವು ಆರ್ಡರ್ ಕೊಡುವಾಗಲೇ 50 ಡಿಗ್ರಿ ಆಂಬಿಯೆಂಟ್ ಅಂತ ಬರೆದು, ಸರ್ಟಿಫಿಕೇಟಿನಲ್ಲಿ ಅದೇ ಇದೆಯಾ ಅಂತ ನೋಡಿ ತಗೊಳ್ಳುತ್ತೇವೆ.

ಕುಡ್ಲ_ಟು_ಜುಬೈಲ್:
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಇಲ್ಲಿ ಸೌದಿಯಲ್ಲೂ ನಮ್ಮ ಮೊದಲ ಜಗಳ ಆಂಬಿಯೆಂಟ್ ಬಗ್ಗೆಯೇ.

ಗ್ರೂಪ್ ಬಗ್ಗೆ ನಾನು ಹೇಳುತ್ತೇನೆ. ಆ ಫ್ಲೇಮ್ ಪಾತ್ ಸಂದಿ ಎಷ್ಟು ಕಿರಿದಾಗಿದ್ದರೆ ಯಾವ ಗ್ಯಾಸಿನ ಬೆಂಕಿ ಹೊರಗೆ ದಾಟಲ್ಲ ಅನ್ನುವುದರ ಮೇಲೆ ಗ್ರೂಪ್ ನಿಂತಿದೆ. ಲ್ಯಾಬಿನಲ್ಲಿ ಅಳೆದದ್ದು ಹೀಗೆ: ಪ್ರೊಪೇನ್ 0.92 ಮಿ.ಮೀ., ಎಥಿಲೀನ್ 0.65, ಅಸಿಟಿಲೀನ್ 0.37, ಹೈಡ್ರೋಜನ್ 0.29. ಪ್ರೊಪೇನ್ ಜಾತಿಯವು 2ಎ, ಎಥಿಲೀನ್ ಜಾತಿಯವು 2ಬಿ, ಕೊನೆಯ ಎರಡು 2ಸಿ. ಹೈಡ್ರೋಜನ್ ಎಷ್ಟು ತುಂಟ ಅಂತ ಇದರಲ್ಲೇ ಗೊತ್ತಾಗುತ್ತದೆ. 2ಸಿ ಮೋಟಾರಿಗೆ ಅಷ್ಟು ನಾಜೂಕಾಗಿ ಮೆಷಿನಿಂಗ್ ಆಗಬೇಕು, ಅದಕ್ಕೇ ಆ ರೇಟು. ಟಾಲ್ವೀನ್, ಅಸಿಟೋನ್ 2ಎ. ಥಿನ್ನರಿನಲ್ಲಿ ಎಂಇಕೆ (ಮಿಥೈಲ್ ಈಥೈಲ್ ಕೀಟೋನ್ ಅನ್ನುವ ದ್ರಾವಕ) ಇದ್ದರೆ ಅದು 2ಬಿ. ಹಾಗಾಗಿ 2ಬಿ ತಗೊಂಡರೆ ಎಲ್ಲವೂ ಒಳಗೆ ಬಂತು. ಹೈಡ್ರೋಜನ್, ಅಸಿಟಿಲೀನ್ ಇಲ್ಲದ ಜಾಗಕ್ಕೆ 2ಸಿ ಮಾರುವವನು ನಿಮ್ಮ ಸುರಕ್ಷೆ ನೋಡುತ್ತಿಲ್ಲ, ಜೇಬು ನೋಡುತ್ತಿದ್ದಾನೆ.

ಪೀಣ್ಯ_ಪೇಂಟ್‌ಶಾಪ್:
ತುಂಬಾ ಉಪಕಾರ ಆಯಿತು. ಹಾಗಾದರೆ ಎರಡನೆಯದೇ ಫೈನಲ್. ಈಗಲೇ ಅಡ್ವಾನ್ಸ್ ಕಳಿಸುತ್ತೇನೆ.

ಹಳೇ_ವೈರ್‌ಮನ್:
ತಡೀರಿ ತಡೀರಿ. ದುಡ್ಡು ಕಳಿಸಬೇಡಿ. ನಿಮ್ಮ ಫೋಟೋ ಈಗ ದೊಡ್ಡದು ಮಾಡಿ ನೋಡಿದೆ.

ಫ್ಯಾನಿನಿಂದ ಎರಡು ಅಡಿ ದೂರದಲ್ಲಿ ಒಂದು ಮಾಮೂಲಿ ಟ್ಯೂಬ್‌ಲೈಟ್ ಇದೆ. ಬಾಗಿಲ ಪಕ್ಕದಲ್ಲಿ ಪ್ಲಾಸ್ಟಿಕ್ ಸ್ವಿಚ್‌ಬೋರ್ಡ್, ಅದರಲ್ಲೊಂದು ಮೊಬೈಲ್ ಚಾರ್ಜರ್ ನೇತಾಡುತ್ತಿದೆ. ಫ್ಯಾನಿನ ವೈರು ಗೋಡೆ ತೂತಿನಿಂದ ಹಾಗೇ ಒಳಗೆ ಬಂದಿದೆ. ನೀವು ಫ್ಯಾನ್ ಒಂದನ್ನೇ ಬದಲಾಯಿಸಿದರೆ, ಮನೆ ಮುಂಬಾಗಿಲಿಗೆ ದೊಡ್ಡ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಸ್ವಿಚ್ಚನ್ನು ರೂಮಿನ ಹೊರಗೆ ತಂದುಬಿಡಿ. ಲೈಟನ್ನು ಎಫ್‌ಎಲ್‌ಪಿ ಮಾಡಿ, ಅದು ದುಬಾರಿ ಅನಿಸಿದರೆ ಗೋಡೆಗೆ ಗಾಜು ಕೂರಿಸಿ ಸಂದಿ ಇಲ್ಲದ ಹಾಗೆ ಮುಚ್ಚಿ, ಲೈಟನ್ನು ಆಚೆ ಕಡೆಯಿಂದ ಬಿಡಿ. ಅದಕ್ಕೂ ಮೊದಲು ಇವತ್ತೇ ಆ ಚಾರ್ಜರ್ ಕಿತ್ತು ಹಾಕಿ.

ಪೀಣ್ಯ_ಪೇಂಟ್‌ಶಾಪ್:
ಚಾರ್ಜರ್ ಹುಡುಗರದ್ದು ಸಾರ್. ಕಿತ್ತೆ.

ಯಾದಗಿರಿ_ಬಿಸಿಲು:
ಫೋಟೋದಲ್ಲಿ ನನಗೆ ಕಂಡದ್ದು ಬೇರೆ. ಈಗಿನ ಫ್ಯಾನಿನ ಮೋಟಾರ್ ಮೇಲೆ ಪೇಂಟ್ ಎಷ್ಟು ದಪ್ಪ ಕೂತಿದೆ ನೋಡಿ, ಕರಡಿ ಮೈ ಥರ ಆಗಿದೆ. ಗೋಡೆ ಫ್ಯಾನಿನಲ್ಲಿ ಮೋಟಾರ್ ಗಾಳಿಯ ದಾರಿಯಲ್ಲೇ ಇರುತ್ತದೆ. ಸ್ಪ್ರೇ ಮಂಜು ಪೂರ್ತಿ ಅದರ ಮೈಮೇಲೇ ಹಾದು ಹೋಗಬೇಕು. ನಾಳೆ ನೀವು ಎಫ್‌ಎಲ್‌ಪಿ ಹಾಕಿದರೂ ಅದೇ ಕಥೆ. ಮೈಮೇಲೆ ಪೇಂಟ್ ಕೂತರೆ ಬಿಸಿ ಹೊರಗೆ ಹೋಗಲ್ಲ, ಆಗ ಪ್ಲೇಟಿನ ಮೇಲಿನ ಟಿ4ಗೆ ಅರ್ಥ ಇಲ್ಲ. ಅದು ಶುದ್ಧವಾದ ಮೋಟಾರನ್ನು ಅಳೆದು ಕೊಟ್ಟ ನಂಬರು.

ಮತ್ತೆ ನೀವು ಎನ್‌ಸಿ ಹೊಡೆಯುತ್ತೀರಿ. ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್. ಒಣಗಿದ ಎನ್‌ಸಿ ಪುಡಿ ತುಂಬಾ ಸುಲಭವಾಗಿ ಹತ್ತಿಕೊಳ್ಳುತ್ತದೆ. ರಾಶಿ ಬಿದ್ದಿದ್ದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಂಡದ್ದೂ ಇದೆ. ಕೆರೆದ ಪುಡಿಯನ್ನು ನೀರು ತುಂಬಿದ ಡ್ರಮ್ಮಿಗೆ ಹಾಕಬೇಕು, ಕಬ್ಬಿಣದ ಕೆರೆಯುವ ಪಟ್ಟಿ ಬಳಸಬಾರದು. ಪಿಯು ಪುಡಿ ಜೊತೆ ಬೆರೆಸಿ ಮೂಲೆಯಲ್ಲಿ ಗುಡ್ಡೆ ಹಾಕಲೇಬಾರದು.

ಸ್ಪ್ರೇ ಬೂತ್‌ಗೆ (ಸ್ಪ್ರೇ ಹೊಡೆಯಲು ಕಟ್ಟಿದ ಗೂಡು) ಅಮೆರಿಕದ ಎನ್‌ಎಫ್‌ಪಿಎ 33 ಅನ್ನುವ ಸಂಹಿತೆ ಇದೆ. ಅದರಲ್ಲಿ ಎಕ್ಸಾಸ್ಟ್ ಫ್ಯಾನಿನ ಮೋಟಾರ್ ಬೂತ್ ಒಳಗೂ ಇರಬಾರದು, ಡಕ್ಟ್ (ಗಾಳಿ ಹೋಗುವ ಕೊಳವೆ) ಒಳಗೂ ಇರಬಾರದು ಅಂತ ಇದೆ. ನಮ್ಮಲ್ಲಿ ಅದು ಕಾನೂನಲ್ಲ, ಆದರೆ ಅನುಭವದಿಂದ ಬಂದ ಮಾತು. ನಿಮಗೆ ಬೇಕಾಗಿರುವುದು ಗೋಡೆ ಫ್ಯಾನೇ ಅಲ್ಲ ಅಂತ ನನ್ನ ಲೆಕ್ಕ. ಸೆಂಟ್ರಿಫ್ಯೂಗಲ್ ಬ್ಲೋವರ್ (ಕೇಸಿಂಗ್ ಒಳಗೆ ಚಕ್ರ ತಿರುಗಿ ಗಾಳಿಯನ್ನು ಡಕ್ಟಿಗೆ ತಳ್ಳುವಂಥದ್ದು) ತಗೊಳ್ಳಿ, ಮೋಟಾರ್ ಹೊರಗೆ ಇರಲಿ.

ಕಾಯಿಲ್_ಕೆಲಸ:
ಎಲ್ಲರೂ ಹೊಸದು ಕೊಳ್ಳಿ ಅಂತಲೇ ಹೇಳುತ್ತಿದ್ದೀರಿ. ನನ್ನದು ರಿವೈಂಡಿಂಗ್ ಅಂಗಡಿ. ಸೆಕೆಂಡ್ ಹ್ಯಾಂಡ್ ಎಫ್‌ಎಲ್‌ಪಿ ಮೋಟಾರ್ ಸಿಗುತ್ತವೆ, ಕಾಯಿಲ್ ಹೊಸದು ಸುತ್ತಿ, ಬೇರಿಂಗ್ ಹಾಕಿ, ಪೇಂಟ್ ಹೊಡೆದು ಕೊಡುತ್ತೇನೆ. ಹೊಸದರ ಮೂರನೇ ಒಂದು ಭಾಗ ರೇಟಿಗೆ. ಇದುವರೆಗೆ ಯಾರೂ ದೂರು ಹೇಳಿಲ್ಲ.

ಹಳೇ_ವೈರ್‌ಮನ್:
ಅಣ್ಣ, ಕೆಲಸದ ಬಗ್ಗೆ ಮರ್ಯಾದೆ ಇಟ್ಟೇ ಕೇಳುತ್ತೇನೆ. ಕವರ್ ಬಿಚ್ಚುವಾಗ ಹೇಗೆ ಬಿಚ್ಚುತ್ತೀರಿ?

ಕಾಯಿಲ್_ಕೆಲಸ:
ಎಲ್ಲರೂ ಬಿಚ್ಚುವ ಹಾಗೆಯೇ. ಜಾಮ್ ಆಗಿದ್ದರೆ ಉಳಿ ಇಟ್ಟು ಸುತ್ತಿಗೆಯಲ್ಲಿ ಎರಡು ಏಟು.

ಹಳೇ_ವೈರ್‌ಮನ್:
ಆ ಎರಡು ಏಟಿಗೆ ಮೋಟಾರ್ ಎಫ್‌ಎಲ್‌ಪಿ ಆಗಿ ಉಳಿಯಲ್ಲ. ಉಳಿ ಬಿದ್ದ ಜಾಗವೇ ಫ್ಲೇಮ್ ಪಾತ್. ನಾನು ಸರ್ವಿಸಿನಲ್ಲಿ ಇದ್ದಾಗ ರಿವೈಂಡಿಂಗಿನಿಂದ ವಾಪಸ್ ಬಂದ ಒಂದು ಮೋಟಾರ್ ಬಿಚ್ಚಿ ನೋಡಿದ್ದೆ. ಫ್ಲಾಂಜ್ (ಕವರ್ ಕೂರುವ ಅಂಚು) ಮೇಲೆ ಉಳಿ ಗುರುತು, ಅದನ್ನು ಮುಚ್ಚಲು ಅರ ಹಾಕಿ ಉಜ್ಜಿದ್ದರು, ಮೇಲೆ ಎಂ-ಸೀಲ್ ಮೆತ್ತಿ ನೀಲಿ ಪೇಂಟ್ ಹೊಡೆದಿದ್ದರು. ಎಂಟು ಬೋಲ್ಟ್ ಇರಬೇಕಾದಲ್ಲಿ ಆರು. ಹೊರಗಿನಿಂದ ನೋಡಿದರೆ ಮದುವಣಗಿತ್ತಿ ಹಾಗಿತ್ತು. ಸಂದಿ ಅಳೆಯುವ ಫೀಲರ್ ಗೇಜ್ ಹಾಕಿದರೆ ಸರಾಗವಾಗಿ ಒಳಗೆ ಹೋಯಿತು.

ಫ್ಲೇಮ್ ಪಾತ್‌ಗೆ ಪೇಂಟ್ ಬೀಳಬಾರದು, ಗಟ್ಟಿಯಾಗುವ ಅಂಟು ಬೀಳಬಾರದು. ಒಣಗದ ಗ್ರೀಸ್ ತೆಳುವಾಗಿ ಸವರಬಹುದು. ಬೋಲ್ಟ್ ಅದೇ ಗ್ರೇಡ್, ಅಷ್ಟೂ ಇರಬೇಕು. ರಿವೈಂಡಿಂಗ್ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ 60079-19 ಅಂತ ಬೇರೆ ಸ್ಟಾಂಡರ್ಡೇ ಇದೆ. ಬಿಚ್ಚುವ ಮುಂಚೆ ಅಳತೆ, ಜೋಡಿಸುವಾಗ ಅಳತೆ, ಬರವಣಿಗೆಯಲ್ಲಿ ರಿಪೋರ್ಟು. ಅದನ್ನು ಪಾಲಿಸಿ ರಿಪೋರ್ಟ್ ಕೊಡುವ ಅಂಗಡಿ ಆದರೆ ನಾನೇ ಮೋಟಾರ್ ಹೊತ್ತುಕೊಂಡು ಬರುತ್ತೇನೆ.

ಕಾಯಿಲ್_ಕೆಲಸ:
ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ ಸಾರ್. ಕಂಪನಿಯವರು ಮೋಟಾರ್ ಕಳಿಸಿ "ಸಂಜೆಗೆ ಬೇಕು" ಅಂತಾರೆ. ಅಳತೆ ಎಲ್ಲಿ ತಗೊಳ್ಳುವುದು? ಪೇಂಟ್ ಹೊಡೆಯದೆ ಕೊಟ್ಟರೆ ಕೆಲಸ ಮಾಡಿಲ್ಲ ಅಂತಾರೆ.

ಯಾದಗಿರಿ_ಬಿಸಿಲು:
ಅದೂ ನಿಜ. ತಪ್ಪು ಅರ್ಧ ಕಳಿಸುವವರದ್ದು. ಪಿಒನಲ್ಲಿ (ಆರ್ಡರ್ ಚೀಟಿ) "ರಿವೈಂಡಿಂಗ್ 1 ನಂ." ಅಂತ ಬರೆದು ಕಳಿಸಿದರೆ ಅಂಗಡಿಯವರಿಗೆ ಹೇಗೆ ಗೊತ್ತಾಗಬೇಕು.

ಕುಡ್ಲ_ಟು_ಜುಬೈಲ್:
ಬ್ಲೋವರ್ ಮಾತಿಗೆ ವಾಪಸ್ ಬರೋಣ. ಇಲ್ಲಿಯವರೆಗೆ ಎಲ್ಲರೂ ಮೋಟಾರ್ ಬಗ್ಗೆಯೇ ಮಾತಾಡಿದ್ದೇವೆ. ಫ್ಯಾನ್ ಅಂದರೆ ಬರೀ ಮೋಟಾರ್ ಅಲ್ಲ. ರೆಕ್ಕೆ ಕೇಸಿಂಗಿಗೆ ಉಜ್ಜಿದರೆ ಕಿಡಿ ಬರುತ್ತದೆ, ಅದಕ್ಕೆ ಕರೆಂಟೇ ಬೇಡ. ಬೇರಿಂಗ್ ಸವೆದು ಶಾಫ್ಟ್ ಸ್ವಲ್ಪ ಜಗ್ಗಿದರೆ ಸಾಕು. ಮೋಟಾರ್ ಸರ್ಟಿಫಿಕೇಟ್ ಆ ಕಿಡಿಯನ್ನು ತಡೆಯುತ್ತದಾ?

ಹಾಗಾಗಿ ಇಂಪೆಲ್ಲರ್ (ತಿರುಗುವ ರೆಕ್ಕೆ ಚಕ್ರ) ಯಾವ ಲೋಹ, ಅದು ಉಜ್ಜುವ ಸಾಧ್ಯತೆ ಇರುವ ಕಡೆ ಯಾವ ಲೋಹ ಅಂತ ಕೇಳಲೇಬೇಕು. ಆಮ್ಕಾ ಅನ್ನುವ ಅಮೆರಿಕದ ಫ್ಯಾನ್ ಸಂಸ್ಥೆಯ ಪ್ರಕಾರ ಕಿಡಿ ತಡೆಯುವ ರಚನೆ ಮೂರು ಥರ. ಎ ಅಂದರೆ ಗಾಳಿ ತಾಗುವ ಎಲ್ಲ ಭಾಗವೂ ಕಬ್ಬಿಣವಲ್ಲದ ಲೋಹ. ಬಿ ಅಂದರೆ ಇಂಪೆಲ್ಲರು ಮತ್ತು ಶಾಫ್ಟ್ ಒಳಹೋಗುವ ತೂತಿನ ಸುತ್ತಿನ ಬಳೆ. ಸಿ ಅಂದರೆ ಶಾಫ್ಟ್ ಸರಿದರೂ ಕಬ್ಬಿಣಕ್ಕೆ ಕಬ್ಬಿಣ ಉಜ್ಜದಂತೆ ಮಾಡಿರುವುದು. ಯುರೋಪಿನವರದು ಇಎನ್ 14986. ಅದರಲ್ಲಿ ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ಕನಿಷ್ಠ 2 ಮಿ.ಮೀ. ಅಂತರ ಬೇಕು.

ಒಂದು ಎಚ್ಚರ: ಅಲ್ಯೂಮಿನಿಯಂ ಅಂದ ಕೂಡಲೇ ಖುಷಿಪಡಬೇಡಿ. ತುಕ್ಕು ಹಿಡಿದ ಕಬ್ಬಿಣಕ್ಕೆ ಅಲ್ಯೂಮಿನಿಯಂ ಜೋರಾಗಿ ಉಜ್ಜಿದರೆ ಥರ್ಮೈಟ್ ಕಿಡಿ ಬರುತ್ತದೆ, ರೈಲು ಹಳಿ ಬೆಸೆಯಲು ಬಳಸುವ ಅದೇ ಕ್ರಿಯೆ. ನಮ್ಮಲ್ಲಿ ಎಂಎಸ್ (ಮಾಮೂಲಿ ಉಕ್ಕಿನ) ಕೇಸಿಂಗ್ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಬಾಯಿ ಹತ್ತಿರ ಹಿತ್ತಾಳೆ ಬಳೆ ಹಾಕಿಸಿ.

ಡಕ್ಟ್ ಪಿವಿಸಿ ಬೇಡ, ಜಿಐ ಇರಲಿ. ಪೇಂಟ್ ಕಣ ಇರುವ ಗಾಳಿ ಉಜ್ಜಿ ಸ್ಟಾಟಿಕ್ (ಸ್ಥಿರ ವಿದ್ಯುತ್) ಕೂಡುತ್ತದೆ. ಬ್ಲೋವರಿಗೂ ಡಕ್ಟಿಗೂ ನಡುವೆ ಕ್ಯಾನ್ವಾಸ್ ಬಟ್ಟೆ ಇರುತ್ತದಲ್ಲ, ಅದರ ಮೇಲಿಂದ ತಾಮ್ರದ ಜಂಪರ್ ಹಾಕಿ ಎರಡೂ ಕಡೆ ಅರ್ತ್ ಮಾಡಿ. ಬೆಲ್ಟ್ ಇದ್ದರೆ ಆಂಟಿಸ್ಟಾಟಿಕ್ ಬೆಲ್ಟ್.

ಸಕ್ಕರೆನಾಡು_ಮಂಡ್ಯ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ಸಕ್ಕರೆ ಪ್ಯಾಕಿಂಗ್ ಕಡೆ. ಇಲ್ಲಿ ಥಿನ್ನರೂ ಇಲ್ಲ, ಗ್ಯಾಸೂ ಇಲ್ಲ, ಬರೀ ಸಕ್ಕರೆ ಧೂಳು. ಅದಕ್ಕೂ ಇದೇ ಎಫ್‌ಎಲ್‌ಪಿ 2ಬಿ ಟಿ4 ನಡೆಯುತ್ತದಾ?

ಯಾದಗಿರಿ_ಬಿಸಿಲು:
ಹಾಗೇ ತಗೊಳ್ಳಬೇಡಿ. ಗ್ಯಾಸಿಗೆ ಕೊಟ್ಟ ಸರ್ಟಿಫಿಕೇಟ್ ಧೂಳಿಗೆ ತಾನಾಗಿ ಅನ್ವಯಿಸಲ್ಲ. ಗ್ಯಾಸ್ ಜಾಗಗಳನ್ನು ಝೋನ್ 0, 1, 2 ಅಂತಾರೆ, ಧೂಳಿನವನ್ನು 20, 21, 22. ಧೂಳಿನಲ್ಲಿ ಆಟವೇ ತಿರುಗಿ ಬೀಳುತ್ತದೆ. ಅಲ್ಲಿ ಧೂಳು ಒಳಗೆ ಹೋಗಲೇಬಾರದು, ಮೈ ಬಿಸಿಯಾಗಬಾರದು. ಐಪಿ6 ಅನ್ನುವುದಕ್ಕೆ ಅಲ್ಲಿ ಬೆಲೆ ಇದೆ, ಅದರ ಜೊತೆ ಎಕ್ಸ್ ಟಿ ಗುರುತು, ಮತ್ತು ಟಿ4 ಬದಲು 125 ಡಿಗ್ರಿ ಅಂತ ನೇರವಾಗಿ ಮೇಲ್ಮೈ ಉಷ್ಣತೆ ಬರೆದಿರುತ್ತಾರೆ. ಆ ಧೂಳಿನ 5 ಮಿ.ಮೀ. ಪದರ ಎಷ್ಟು ಡಿಗ್ರಿಗೆ ಹೊತ್ತಿಕೊಳ್ಳುತ್ತದೋ ಅದಕ್ಕಿಂತ 75 ಡಿಗ್ರಿ ಕಡಿಮೆ ಇರಬೇಕು ಮೋಟಾರಿನ ಮೈ.

2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಸಕ್ಕರೆ ಕಾರ್ಖಾನೆ ಸ್ಫೋಟದಲ್ಲಿ 14 ಜನ ಸತ್ತರು. ಸಕ್ಕರೆ ಧೂಳೇ ಕಾರಣ. ಮುಚ್ಚಿದ ಕನ್ವೇಯರಿನಲ್ಲಿ ಬಿಸಿಯಾದ ಬೇರಿಂಗಿನಿಂದ ಶುರುವಾಗಿರಬಹುದು ಅಂತ ತನಿಖೆ ಹೇಳಿತು. ಮೊದಲ ಸ್ಫೋಟಕ್ಕೆ ಕಟ್ಟಡ ಅಲುಗಿ ತೊಲೆ, ನೆಲದ ಮೇಲೆ ಕೂತಿದ್ದ ಧೂಳೆಲ್ಲ ಮೇಲೆದ್ದು ಒಂದರ ಹಿಂದೆ ಒಂದು ಹೊತ್ತಿಕೊಂಡಿತು. ನಿಮ್ಮಲ್ಲಿ ತೊಲೆ ಮೇಲೆ ಬೆರಳಾಡಿಸಿ ನೋಡಿ. ಹೆಸರು ಬರೆಯುವಷ್ಟು ಧೂಳಿದ್ದರೆ ಮೊದಲು ಗುಡಿಸಿ, ಕಂಪ್ರೆಸರ್ ಗಾಳಿ ಹೊಡೆದು ಹಾರಿಸಬೇಡಿ. ಸೆಖೆ ಅಂತ ಪೆಡಸ್ಟಲ್ ಫ್ಯಾನನ್ನೂ ಅತ್ತ ತಿರುಗಿಸಬೇಡಿ.

ಸಕ್ಕರೆನಾಡು_ಮಂಡ್ಯ:
ಪೆಡಸ್ಟಲ್ ಫ್ಯಾನ್ ಇದೆ ಅಂತ ನಿಮಗೆ ಹೇಗೆ ಗೊತ್ತಾಯಿತು ಅಕ್ಕ!

ಯುಪಿಎಸ್_ಹುಡುಗ:
ನಂದೂ ಒಂದು ಇರಲಿ. ಆಫೀಸಿನಲ್ಲಿ ಬ್ಯಾಟರಿ ರೂಮ್ ಇದೆ. ಹೈಡ್ರೋಜನ್ ಬರುತ್ತದೆ, 2ಸಿ ಫ್ಯಾನ್ ಬೇಕು ಅಂತ ವೆಂಡರ್ ಹೇಳಿದ್ದಾನೆ. 12 ವೋಲ್ಟಿನ 100 ಎಎಚ್ ಸೀಲ್ಡ್ ಬ್ಯಾಟರಿ, 15 ಇವೆ.

ಕುಡ್ಲ_ಟು_ಜುಬೈಲ್:
ಲೆಕ್ಕ ಹಾಕೋಣ. ಐಇಸಿ 62485-2ರಲ್ಲಿ ಸೂತ್ರ ಇದೆ: 0.05 ಗುಣಿಸು ಸೆಲ್ ಸಂಖ್ಯೆ ಗುಣಿಸು ಪ್ರತಿ ಎಎಚ್‌ಗೆ ಗ್ಯಾಸ್ ಕರೆಂಟು ಗುಣಿಸು ಎಎಚ್, ಭಾಗಿಸು 1000. ಹದಿನೈದು ಬ್ಯಾಟರಿ ಅಂದರೆ 90 ಸೆಲ್. ಸೀಲ್ಡ್ ಬ್ಯಾಟರಿ ಬೂಸ್ಟ್ ಚಾರ್ಜಿನಲ್ಲಿ 8 ಮಿಲಿಆಂಪ್. 0.05 × 90 × 8 × 100 ÷ 1000 = 3.6. ಗಂಟೆಗೆ 3.6 ಘನ ಮೀಟರ್ ಗಾಳಿ, ಅಷ್ಟೇ! ಫ್ಯಾನೇ ಬೇಡ. ಕೆಳಗೊಂದು, ಎದುರು ಗೋಡೆಯ ಮೇಲೊಂದು 10 ಸೆಂ.ಮೀ. ಚೌಕದ ಕಿಂಡಿ ಸಾಕು. ಮೇಲಿನ ಕಿಂಡಿ ಸೂರಿಗೆ ಆದಷ್ಟು ಹತ್ತಿರ ಇರಲಿ, ಹೈಡ್ರೋಜನ್ ಹಗುರ, ಮೇಲೇ ಕೂರುತ್ತದೆ. ಫಾಲ್ಸ್ ಸೀಲಿಂಗ್ ಇದ್ದರೆ ಅದರ ಮೇಲೆ ಸೇರಿಕೊಳ್ಳದ ಹಾಗೆ ನೋಡಿ. ಹಳೆ ಕಾಲದ ನೀರು ಹಾಕುವ ಬ್ಯಾಟರಿ ಆದರೆ 8ರ ಬದಲು 20 ಹಾಕಿ ಲೆಕ್ಕ ಮಾಡಿ.

ಯುಪಿಎಸ್_ಹುಡುಗ:
ವೆಂಡರ್ ಈಗ ಫೋನ್ ಎತ್ತುತ್ತಿಲ್ಲ.

ಪೀಣ್ಯ_ಪೇಂಟ್‌ಶಾಪ್:
ನನಗೂ ಇದೇ ಥರ ಲೆಕ್ಕ ಹಾಕಿಕೊಡಿ ಸಾರ್. ಎಷ್ಟು ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಬೇಕು?

ಕುಡ್ಲ_ಟು_ಜುಬೈಲ್:
ಥಿನ್ನರ್ ಪೂರ್ತಿ ಟಾಲ್ವೀನ್ ಅಂತ ಇಟ್ಟುಕೊಳ್ಳೋಣ. 1 ಲೀಟರ್ ಆರಿದರೆ ಸುಮಾರು 230 ಲೀಟರ್ ಆವಿ. ಗಾಳಿಯಲ್ಲಿ 1.1 ಶೇಕಡಾ ಸೇರಿದರೆ ಹೊತ್ತಿಕೊಳ್ಳಬಹುದು. ಅದರ ಕಾಲು ಭಾಗಕ್ಕಿಂತ ಕೆಳಗೆ ಇಡಬೇಕು ಅಂದರೆ ಒಂದು ಲೀಟರಿಗೆ 84 ಘನ ಮೀಟರ್ ಹೊಸ ಗಾಳಿ. ಗಂಟೆಗೆ 4 ಲೀಟರಿಗೆ 336. ಗಾಳಿ ಎಲ್ಲ ಕಡೆ ಒಂದೇ ಸಮ ಬೆರೆಯಲ್ಲ, ಅದಕ್ಕೆ ಐದು ಪಟ್ಟು ಮಾಡಿ. ಗಂಟೆಗೆ 1680 ಘನ ಮೀಟರ್, ಅಂದರೆ ಸುಮಾರು 1000 ಸಿಎಫ್‌ಎಂ.

ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಇದು ಬೆಂಕಿಗೆ ಮಾತ್ರ. ಉಸಿರಾಡುವವನ ಲೆಕ್ಕವೇ ಬೇರೆ. 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಟಾಲ್ವೀನಿಗೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ) ಮಿತಿ ಕೊಟ್ಟಿದ್ದರು. ಈಗ ಬೇರೆ ದೇಶಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. 100 ಪಿಪಿಎಂ ಹಿಡಿದರೂ ರೂಮಿನ ಗಾಳಿ ಬೆರೆಸಿ ತೆಳು ಮಾಡಲು 5000 ಸಿಎಫ್‌ಎಂ ಮೀರುತ್ತದೆ. ಹಾಗಾಗಿ ಬೆರೆಸುವ ಆಟ ಬಿಟ್ಟು, ಹುಟ್ಟಿದ ಜಾಗದಲ್ಲೇ ಹಿಡಿಯಿರಿ. ಮೂರು ಕಡೆ ಶೀಟ್ ಕಟ್ಟಿ 6 ಅಡಿ ಅಗಲ, 7 ಅಡಿ ಎತ್ತರದ ಬೂತ್ ಮಾಡಿ. ತೆರೆದ ಮುಖದಲ್ಲಿ ಗಾಳಿ ನಿಮಿಷಕ್ಕೆ 100 ಅಡಿ ವೇಗದಲ್ಲಿ ಒಳಗೆ ಹೋಗಬೇಕು. 42 × 100, ಅಂದರೆ 4200 ಸಿಎಫ್‌ಎಂ. ಸ್ಪ್ರೇ ಹೊಡೆಯುವ ಹುಡುಗನ ಬೆನ್ನ ಹಿಂದಿನಿಂದ ಗಾಳಿ ಬಂದು ಬೂತ್ ಒಳಗೆ ಹೋಗಬೇಕು, ತಿಳೀತಾ?

ಕ್ಯಾಟಲಾಗಿನಲ್ಲಿರುವ ಸಿಎಫ್‌ಎಂ ನಂಬಬೇಡಿ, ಎಷ್ಟೋ ಸಲ ಅದು ಅಡ್ಡ ಏನೂ ಇಲ್ಲದಾಗಿನ ಗಾಳಿ. ಫಿಲ್ಟರ್, ಡಕ್ಟ್, ಎರಡು ಬೆಂಡ್ ಸೇರಿದರೆ 40 ಮಿ.ಮೀ. ನೀರಿನಷ್ಟು ತಡೆ ಬರಬಹುದು. "4200 ಸಿಎಫ್‌ಎಂ, 40 ಮಿ.ಮೀ. ಒತ್ತಡದಲ್ಲಿ" ಅಂತಲೇ ಬರೆದು ಕೊಟೇಶನ್ ಕೇಳಿ. ಗೋಡೆ ಫ್ಯಾನ್ ಮಾರುವವರು ಅಲ್ಲೇ ಜಾರಿಕೊಳ್ಳುತ್ತಾರೆ.

ಹಳೇ_ವೈರ್‌ಮನ್:
ಕೊಳ್ಳುವಾಗ ನೋಡುವುದನ್ನು ನಾನು ಹೇಳುತ್ತೇನೆ. ಮೋಟಾರಿಗೆ ಪೆಸೊ (ಸ್ಫೋಟಕ ಸುರಕ್ಷೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಅಪ್ರೂವಲ್ ಇದೆಯಾ, ಧನಬಾದಿನ ಗಣಿ ಸಂಶೋಧನಾ ಸಂಸ್ಥೆ ಸಿಮ್‌ಫರ್‌ನಂಥ ಲ್ಯಾಬಿನ ಟೆಸ್ಟ್ ರಿಪೋರ್ಟ್ ಇದೆಯಾ. ಜೆರಾಕ್ಸ್ ತೋರಿಸುತ್ತಾರೆ, ಓದಿ. ಅದರಲ್ಲಿ ಫ್ರೇಮ್ ಸೈಜ್ ಇರುತ್ತದೆ. ನಿಮಗೆ ಕೊಡುವ ಮೋಟಾರಿನ ಫ್ರೇಮ್ ಅದರಲ್ಲಿ ಇಲ್ಲದಿದ್ದರೆ ಅದು ಪಕ್ಕದ ಮನೆಯವನ ಮಾರ್ಕ್ಸ್ ಕಾರ್ಡ್ ತೋರಿಸಿದ ಹಾಗೆ. ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಸಾಧನ) ಹಾಕುವ ಯೋಚನೆ ಇದ್ದರೆ ಈಗಲೇ ಹೇಳಿ, ಅದಕ್ಕೂ ಸರ್ಟಿಫಿಕೇಟಿನಲ್ಲಿ ಒಪ್ಪಿಗೆ ಇರಬೇಕು. ನಿಧಾನವಾಗಿ ತಿರುಗಿದರೆ ಮೋಟಾರಿನ ಸ್ವಂತ ಫ್ಯಾನ್ ಗಾಳಿ ಸಾಲದೆ ಬಿಸಿಯಾಗುತ್ತದೆ.

ಟರ್ಮಿನಲ್ ಬಾಕ್ಸಿಗೆ ಎಫ್‌ಎಲ್‌ಪಿ ಡಬಲ್ ಕಂಪ್ರೆಶನ್ ಗ್ಲಾಂಡ್ (ಒಳಬರುವ ಕೇಬಲನ್ನು ಬಿಗಿಯಾಗಿ ಹಿಡಿಯುವುದು) ಹಾಕಿ, ಕನಿಷ್ಠ ಐದು ಸುತ್ತು ಥ್ರೆಡ್ ಕೂತಿರಬೇಕು. ಎರಡು ತೂತು ಇದ್ದು ಒಂದೇ ಕೇಬಲ್ ಆದರೆ ಇನ್ನೊಂದಕ್ಕೆ ಸರ್ಟಿಫೈಡ್ ಪ್ಲಗ್ ಕೇಳಿ ತಗೊಳ್ಳಿ. ಬರುವಾಗ ಅಲ್ಲಿ ಕೆಂಪು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದು ಸಾಗಣೆಗೆ ಮಾತ್ರ. ಎಷ್ಟೋ ಫ್ಯಾಕ್ಟರಿಗಳಲ್ಲಿ ಆ ಕೆಂಪು ಮುಚ್ಚಳ ಹತ್ತು ವರ್ಷದಿಂದ ಹಾಗೇ ನಗುತ್ತಾ ಕೂತಿದೆ.

ಯಾದಗಿರಿ_ಬಿಸಿಲು:
ಮತ್ತೆ ಗನ್‌ಗೆ ಹೋಗುವ ಏರ್ ಲೈನಿಗೆ ಕರೆಂಟಿನಿಂದ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ವಾಲ್ವ್ ಹಾಕಿ, ಬ್ಲೋವರ್ ಗಾಳಿ ಎಳೆಯುತ್ತಿದ್ದರೆ ಮಾತ್ರ ಗನ್ ಕೆಲಸ ಮಾಡುವ ಹಾಗೆ. ಸಿಗ್ನಲ್ ಕಾಂಟಾಕ್ಟರಿನಿಂದ (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚು) ತಗೊಳ್ಳಬೇಡಿ, ಡಕ್ಟಿನ ಪ್ರೆಶರ್ ಸ್ವಿಚ್ಚಿನಿಂದ ತಗೊಳ್ಳಿ. ಬೆಲ್ಟ್ ತುಂಡಾದರೂ ಕಾಂಟಾಕ್ಟರ್ ಆನ್ ಆಗಿಯೇ ಇರುತ್ತದೆ. ಆ ಸ್ವಿಚ್ಚು, ವಾಲ್ವಿನ ಕಾಯಿಲೂ ಬೂತ್‌ನಿಂದ ದೂರ ಇರಲಿ, ಇಲ್ಲದಿದ್ದರೆ ಅವಕ್ಕೂ ಎಫ್‌ಎಲ್‌ಪಿ ಬೇಕು.

ಪೀಣ್ಯ_ಪೇಂಟ್‌ಶಾಪ್:
ಆರು ವಾರ ಆದ ಮೇಲೆ ಬಂದೆ, ಕ್ಷಮಿಸಿ. ಎಲ್ಲ ಬರೆದು ಕಳಿಸಿದ್ದಕ್ಕೆ ಮೂರು ಜನರಲ್ಲಿ ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಎರಡನೇ ಕೊಟೇಶನ್ ಕೊಟ್ಟವರು ಮಾತ್ರ ಡ್ರಾಯಿಂಗ್ ಹಿಡಿದುಕೊಂಡು ಬಂದರು. 4200 ಸಿಎಫ್‌ಎಂ ಸೆಂಟ್ರಿಫ್ಯೂಗಲ್, ಅಲ್ಯೂಮಿನಿಯಂ ಇಂಪೆಲ್ಲರ್, ಬಾಯಿಗೆ ಹಿತ್ತಾಳೆ ಬಳೆ, ಹೊರಗೆ ಶೆಡ್ ಕೆಳಗೆ 3 ಎಚ್‌ಪಿ 2ಬಿ ಟಿ4 ಮೋಟಾರ್. ಫ್ರೇಮ್ ಸೈಜ್ ಸರ್ಟಿಫಿಕೇಟಿನಲ್ಲಿತ್ತು, ನಾನೇ ಓದಿದೆ. ಕೆಂಪು ಮುಚ್ಚಳವೂ ಬಂದಿತ್ತು, ನಗು ಬಂತು, ಪ್ಲಗ್ ಹಾಕಿಸಿದೆ.

ಮೊದಲ ದಿನ ಗಾಳಿ ಎಳೆತ ಏನೇನೂ ಇರಲಿಲ್ಲ. ಮೋಸ ಹೋದೆ ಅಂದುಕೊಂಡೆ. ಬ್ಲೋವರ್ ಮೇಲಿನ ಬಾಣದ ಗುರುತು ನೋಡಿದರೆ ಉಲ್ಟಾ ತಿರುಗುತ್ತಿತ್ತು, ಎಲೆಕ್ಟ್ರಿಷಿಯನ್ ಎರಡು ಫೇಸ್ ಅದಲು ಬದಲು ಕೊಟ್ಟಿದ್ದ.

ಹಳೇ_ವೈರ್‌ಮನ್:
ಉಲ್ಟಾ ತಿರುಗಿದರೂ ಸೆಂಟ್ರಿಫ್ಯೂಗಲ್ ಸ್ವಲ್ಪ ಗಾಳಿ ಅದೇ ಕಡೆಗೇ ತಳ್ಳುತ್ತದೆ. ಅದಕ್ಕೇ ಬೇಗ ಗೊತ್ತಾಗಲ್ಲ. ಬಾಣದ ಗುರುತು ನೋಡಿದ್ದು ಒಳ್ಳೇದಾಯಿತು.

ಪೀಣ್ಯ_ಪೇಂಟ್‌ಶಾಪ್:
ಈಗ ಸರಿ ಎಳೆಯುತ್ತಿದೆ ಸಾರ್, ಹೊಗೆಬತ್ತಿ ಹಿಡಿದು ನೋಡೋಣ ಅಂತಿದ್ದೆ, ಹುಡುಗರು ಬೈದರು, ಟಿಶ್ಯೂ ಪೇಪರ್ ಪಟ್ಟಿ ಕಟ್ಟಿ ನೋಡಿದೆವು. ಪಟ್ಟಿ ನೇರ ಒಳಗೆ ಹೋಗುತ್ತದೆ. ಆದರೆ ಒಂದು ವಿಚಿತ್ರ. ಬ್ಲೋವರ್ ಹಾಕಿದರೆ ರೂಮಿನ ಬಾಗಿಲು ತೆಗೆಯಲಿಕ್ಕೇ ಆಗುತ್ತಿಲ್ಲ, ಹೊರಗೆ ತೆರೆಯುವ ಬಾಗಿಲು, ಭುಜ ಕೊಟ್ಟು ತಳ್ಳಬೇಕು.

ಕುಡ್ಲ_ಟು_ಜುಬೈಲ್:
ಕಿಟಕಿ ಎಲ್ಲ ಮುಚ್ಚಿದ್ದೀರಾ?

ಪೀಣ್ಯ_ಪೇಂಟ್‌ಶಾಪ್:
ಹೌದು, ಧೂಳು ಬಂದು ಪೇಂಟ್ ಮೇಲೆ ಕೂರುತ್ತದೆ ಅಂತ.

ಕುಡ್ಲ_ಟು_ಜುಬೈಲ್:
ಹೊರಗೆ ಹೋಗುವಷ್ಟು ಗಾಳಿ ಒಳಗೆ ಬರಬೇಡವಾ ಮಾರಾಯ್ರೆ! ಒಳಗೆ 5 ಮಿ.ಮೀ. ನೀರಿನಷ್ಟು ಒತ್ತಡ ಕಡಿಮೆಯಾದರೂ 3 ಅಡಿ, 7 ಅಡಿ ಬಾಗಿಲ ಮೇಲೆ ಹತ್ತು ಕೆಜಿ ಭಾರ. ಬೆಂಕಿ ಬಿದ್ದ ದಿನ ಆ ಬಾಗಿಲು ತೆರೆಯದಿದ್ದರೆ? ಮೇಲಾಗಿ ಬ್ಲೋವರಿಗೂ ಪೂರ್ತಿ ಗಾಳಿ ಸಿಗುತ್ತಿಲ್ಲ. ಬೂತ್ ಎದುರಿನ ಗೋಡೆಯಲ್ಲಿ 3 ಅಡಿ ಚೌಕದ ಲೂವರ್ (ಓರೆ ಪಟ್ಟಿಗಳ ಗಾಳಿಕಿಂಡಿ) ಹಾಕಿಸಿ, ಧೂಳಿಗೆ ಫಿಲ್ಟರ್ ಕೂರಿಸಿ. ಬ್ಲೋವರಿನ ಹೊರಬಾಯಿ ಇರುವ ಕಡೆ ಮಾತ್ರ ಬೇಡ, ಬಿಟ್ಟ ಆವಿಯೇ ವಾಪಸ್ ಬರುತ್ತದೆ.

ಪೀಣ್ಯ_ಪೇಂಟ್‌ಶಾಪ್:
ಸರಿ. ಮೇಸ್ತ್ರಿಗೆ ಹೇಳಿದ್ದೇನೆ, ನಾಳೆ ಬೆಳಿಗ್ಗೆ ಕಟಿಂಗ್ ಮೆಷಿನ್ ತಂದು ಗೋಡೆ ಕೊರೆಯುತ್ತಾನಂತೆ.

ಹಳೇ_ವೈರ್‌ಮನ್:
ಕಟಿಂಗ್ ಮೆಷಿನ್ ಆನ್ ಮಾಡುವ ಮುಂಚೆ ಥಿನ್ನರ್ ಡಬ್ಬ, ಪೇಂಟ್ ಡಬ್ಬ, ಒರೆಸಿದ ಬಟ್ಟೆ, ಕೆರೆದ ಪುಡಿಯ ಡ್ರಮ್ಮು, ಎಲ್ಲ ಆಚೆ. ನಾಳೆ ಸ್ಪ್ರೇ ಬೇಡ. ನೆಲದ ಮೂಲೆಗಳಲ್ಲಿ ಆವಿ ಕೂತಿರುತ್ತದೆ, ಟಾಲ್ವೀನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಬಾಗಿಲು, ಕಿಟಕಿ ತೆರೆದು ಅರ್ಧ ಗಂಟೆ ಬ್ಲೋವರ್ ಓಡಿಸಿ, ಗ್ಯಾಸ್ ಮೀಟರ್ ಯಾರ ಹತ್ತಿರವಾದರೂ ಇದ್ದರೆ ತಂದು ನೆಲದ ಹತ್ತಿರ ಹಿಡಿದು ನೋಡಿ, ಆಮೇಲೆ ಮೇಸ್ತ್ರಿಯನ್ನು ಒಳಗೆ ಬಿಡಿ. ಬೀಡಿ ಸೇದುವ ಮೇಸ್ತ್ರಿನಾ?

ಪೀಣ್ಯ_ಪೇಂಟ್‌ಶಾಪ್:
ಹೂಂ ಸಾರ್. ಗೇಟಿನಲ್ಲೇ ಬೆಂಕಿಪೊಟ್ಟಣ ತೆಗೆದಿಟ್ಟುಕೊಳ್ಳಲು ವಾಚ್‌ಮನ್‌ಗೆ ಹೇಳುತ್ತೇನೆ.